ಕತ್ತೆಗಿಟ್ಟ ಹೆಸರು

ನಾನು ಒಂದು ಮೆಮೊರಿ ಕಾರ್ಡ್. ಈಗಿನವರ ಫೋನಿನೊಳಗೆ ಕೂರುವ ಉಗುರಿನಷ್ಟು ಕಾರ್ಡಲ್ಲ. ಟಿವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ಗೇಮ್ ಪೆಟ್ಟಿಗೆಯ ಮುಂದೆ ಸಿಕ್ಕಿಸುತ್ತಿದ್ದ, ಬಿಸ್ಕತ್ತಿನಷ್ಟು ದಪ್ಪದ ಬೂದು ಬಣ್ಣದ ಕಾರ್ಡು. ಆಡುವವರು ಆಟವನ್ನು ಎಲ್ಲಿಗೆ ನಿಲ್ಲಿಸಿದರೋ ಅದನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ನಾನಿಲ್ಲದಿದ್ದರೆ, ಕರೆಂಟು ಹೋದೊಡನೆ ಇಡೀ ರಾಜ್ಯ ಗೆದ್ದವರೂ ಮೊದಲಿಂದ ಶುರು ಮಾಡಬೇಕು. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬ ಪಡಲು ನನ್ನ ಹತ್ತಿರ ಬೇರೇನೂ ಇಲ್ಲ.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಹಡಗು, ಲಾರಿ, ರೈಲು ಎಲ್ಲ ಹತ್ತಿಳಿದು ಕಣ್ಣು ಬಿಟ್ಟಿದ್ದು ಅರಸೀಕೆರೆಯಲ್ಲಿ, ಸ್ಟೇಷನ್ ರಸ್ತೆಯ ಸಿರಾಜನ ಸಿ.ಡಿ. ಬಾಡಿಗೆ ಅಂಗಡಿಯ ಮೊಳೆಯ ಮೇಲೆ. ಸುತ್ತಲೂ ಸಿನಿಮಾ ಸಿ.ಡಿ.ಗಳು. ನನ್ನತ್ತ ತಿರುಗಿ ನೋಡುವವರೇ ಇರಲಿಲ್ಲ. ಕೊನೆಗೊಂದು ದಿನ ಗೂಡ್ಸ್ ಗಾಡಿಯ ಗಾರ್ಡ್ ಪರಮೇಶಿ ಬಂದು, ತಂಗಿಗೆಂದು ಗೇಮ್ ಪೆಟ್ಟಿಗೆಯ ಜೊತೆ ನನ್ನನ್ನೂ ಕೊಂಡ. ಆಟದ ತಲೆಬುಡ ಅವನಿಗೆ ತಿಳಿಯದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಬೆಳೆಸಿದವನು ಅವನೇ. ತಾನು ಗಾಡಿಯ ಮೇಲೆ ಹೋದಾಗ ಅವಳಿಗೆ ಬೇಸರ ಆಗಬಾರದು, ಅಷ್ಟೇ ಅವನ ಆಸೆ.

ತಂಗಿಯ ಹೆಸರು ಹಂಸವೇಣಿ. ಬಿ.ಕಾಂ. ಓದುತ್ತಿದ್ದಳು. ರೈಲ್ವೆ ಕ್ವಾರ್ಟರ್ಸಿನ ಆ ಮನೆಯಲ್ಲಿ ಟಿವಿಯ ಕೆಳಗೆ ನೆಲದ ಮೇಲೆ ನನ್ನ ವಾಸ. ಹಾಗಾಗಿ ಮನುಷ್ಯರನ್ನು ನಾನು ಮೊದಲು ಗುರುತಿಸುತ್ತಿದ್ದುದು ಪಾದಗಳಿಂದ.

ವೇಣಿಗೆ ಕಥೆಯ ಆಟಗಳೆಂದರೆ ಪ್ರಾಣ. ಒಬ್ಬ ನಾಯಕಿ, ಅವಳ ಜೊತೆಗಾರರು, ಊರೂರು ಸುತ್ತಾಟ, ಕೊನೆಗೊಬ್ಬ ರಾಕ್ಷಸ. ಎಲ್ಲರಿಗೂ ನಾವೇ ಹೆಸರಿಡಬಹುದು. ಪರಮೇಶಿಯ ಮದುವೆಯಾಗಿ ಕಮಲಾಕ್ಷಿ ಎಂಬ ಅತ್ತಿಗೆ ಮನೆಗೆ ಬಂದ ವಾರವೇ ವೇಣಿ ಹೊಸ ಆಟ ಶುರು ಮಾಡಿದಳು. ನಾಯಕಿಗೆ ತನ್ನ ಹೆಸರು, ಬಿಲ್ಲುಗಾರನಿಗೆ ಅಷ್ಟರಲ್ಲಾಗಲೇ ಆಟದ ಗೆಳೆಯನಾಗಿದ್ದ ಸಿರಾಜನ ಹೆಸರು, ಮದ್ದು ಕೊಡುವವಳಿಗೆ ಪಕ್ಕದ ಮನೆಯ ಗೆಳತಿ ಜೋಸ್ಫಿನ್ ಹೆಸರು. ಆಮೇಲೆ ಸಾಮಾನು ಹೊರುವ ಕತ್ತೆಯ ಸರದಿ ಬಂತು. ಅದಕ್ಕೆ ಮಾತ್ರ ಇಂಗ್ಲಿಷಿನ ನಾಲ್ಕೇ ಅಕ್ಷರ ಹಿಡಿಯುವ ಜಾಗ. ವೇಣಿ ಅಲ್ಲಿ 'ಅತ್ಗೆ' ಎಂದು ಬರೆದಳು. ಪಕ್ಕದಲ್ಲೇ ಕೂತಿದ್ದ ಸಿರಾಜ್, ಜೋಸ್ಫಿನ್ ಸೇರಿ ಮೂವರೂ ಬಿದ್ದು ಬಿದ್ದು ನಕ್ಕರು.

ಅದೇ ಹೊತ್ತಿಗೆ ಕಮಲಾಕ್ಷಿ ಕಾಫಿ ತಂದಿದ್ದರು. ನನಗೆ ಕಂಡಿದ್ದು ಸೀರೆಯ ಅಂಚು ಮತ್ತು ಹೊಸ ಕಾಲುಂಗುರ. ಅವು ಒಂದು ಕ್ಷಣ ನಿಂತವು, ಆಮೇಲೆ ಅಡುಗೆಮನೆಯತ್ತ ಹೋದವು. ಆ ಹೆಸರನ್ನು ಹೊತ್ತುಕೊಂಡವನು ನಾನು. ನನಗೇ ಒಂಥರಾ ಆಯಿತು.

ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ದೊಡ್ಡ ಸಭೆ. ಯಾವ ಆಟ ಮೇಲು ಎಂಬ ಜಗಳ.

"ಯುದ್ಧದ ಆಟ ಅಂದ್ರೆ ಆಟ ಕಣೇ. ತಲೆ ಓಡಿಸ್ಬೇಕು. ನಿನ್ ಆಟದಲ್ಲಿ ಕಂಡೋರ ಮನೆ ಬಾಗಿಲು ತಟ್ಟಿ ಮಾತಾಡಿಸ್ಕೊಂಡು ಕೂತ್ಕೋ" ಎನ್ನುತ್ತಿದ್ದ ಸಿರಾಜ್.

"ನಿನ್ ಸೈನಿಕರಿಗೆ ಒಂದು ಹೆಸರಾದ್ರೂ ಇದ್ಯಾ? ಸತ್ರೆ ಅಳೋರಾದ್ರೂ ಯಾರು?" ಎನ್ನುತ್ತಿದ್ದಳು ವೇಣಿ.

"ನೀವಿಬ್ರೂ ಬಾಯ್ಮುಚ್ಚಿ ನಂಗೊಂದ್ಸಲ ಆಡಕ್ ಕೊಡ್ರಪ್ಪ" ಎನ್ನುತ್ತಿದ್ದಳು ಜೋಸ್ಫಿನ್.

ಅಂಥದ್ದೇ ಒಂದು ಭಾನುವಾರ ಸಿರಾಜ್ ಒಂದೇ ಕೋಟೆಯ ಮುಂದೆ ಮತ್ತೆ ಮತ್ತೆ ಸೋಲುತ್ತಿದ್ದ. ಅಡುಗೆಮನೆಯ ಬಾಗಿಲಿಂದ ಒಂದು ದನಿ ಬಂತು: "ಬಿಲ್ಲಿನೋರ್ನ ಮುಂದೆ ನಿಲ್ಸಿದ್ರೆ ಸಾಯ್ದೆ ಇನ್ನೇನಾಗ್ತಾರೆ? ಹೊಳೆ ಹಿಂದಕ್ಕೆ ಕರ್ಕೊಳಪ್ಪ."

ಎಲ್ಲರೂ ತಿರುಗಿದರು. ಅತ್ತಿಗೆ ಆ ಸಭೆಯಲ್ಲಿ ಆಡಿದ ಮೊದಲ ಮಾತು ಅದು. ಸಿರಾಜ್ ಹಾಗೇ ಮಾಡಿ ಗೆದ್ದ. ಗೆದ್ದವನು ಎದ್ದು, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು, "ಕೂತ್ಕೊಳಿ ಅಕ್ಕ" ಅಂದ.

ಅಂದಿನಿಂದ ಕಮಲಾಕ್ಷಿಗೆ ಯುದ್ಧದ ಆಟದ ಹುಚ್ಚು ಹಿಡಿಯಿತು. ಆಡುವ ಕ್ರಮವೇ ಬೇರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೋಟೆ ಬರೆದು, ಹುಣಿಸೆಬೀಜದ ಸೈನ್ಯ ಇಟ್ಟು, ಅತ್ತ ಇತ್ತ ಸರಿಸಿ ನೋಡಿ, ಆಮೇಲೆ ಗುಂಡಿ ಒತ್ತುವುದು. ನನ್ನ ಅರ್ಧಕ್ಕರ್ಧ ಜಾಗ ಅವರ ಕೋಟೆಗಳಿಗೇ ಹೋಯಿತು. ವೇಣಿ ಕೂಡ ಪಕ್ಕದಲ್ಲಿ ಬಂದು ಕೂರತೊಡಗಿದಳು. ಮಾತು ಬೆಳೆಯಿತು.

"ಇಷ್ಟೊಂದು ಔಷಧಿ ಯಾಕೆ ಕೂಡಿಟ್ಟಿದೀಯೇ? ಉಪಯೋಗಿಸ್ಬಾರ್ದಾ? ಮದುವೆ ಮನೆ ಉಗ್ರಾಣ ಆಗಿದೆ" ಎಂದು ಕಮಲಾಕ್ಷಿ, ವೇಣಿಯ ಆಟದೊಳಗಿನ ಚೀಲ ನೋಡಿ ರೇಗಿಸುತ್ತಿದ್ದರು.

"ಮುಂದೆ ಬೇಕಾಗತ್ತೆ ಅತ್ಗೆ."

ವೇಣಿ ಕೊನೆಯ ಬಾಗಿಲಿನವರೆಗೂ ಹೋಗಿ ನಿಂತಿದ್ದಳು. ಅದರಾಚೆ ರಾಕ್ಷಸ. ಆದರೆ ಬಾಗಿಲು ತೆಗೆಯಲು ಮನಸ್ಸಿಲ್ಲ. "ಮುಗಿದ್ರೆ ಇವರೆಲ್ಲ ಹೋಗ್ಬಿಡ್ತಾರೆ" ಎನ್ನುವಳು. ಅಪ್ಪ ಅಮ್ಮನನ್ನು ಕಳೆದುಕೊಂಡವಳ ಮಾತು ಅದು. ನಾನು ಅವರೆಲ್ಲರನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಅನಾಹುತ ಆಗಿದ್ದು ಒಂದು ಗುಂಡಿಯಿಂದ. ವೇಣಿಯ ಸಿ.ಡಿ. ಒಂದು ದೇಶದ್ದು, ಕಮಲಾಕ್ಷಿಯದು ಇನ್ನೊಂದು ದೇಶದ್ದು. ವೇಣಿಯ ಆಟದಲ್ಲಿ ಸೊನ್ನೆಯ ಗುಂಡಿ ಎಂದರೆ ಹೌದು, ಇಂಟು ಮಾರ್ಕಿನದು ಎಂದರೆ ಬೇಡ. ಅತ್ತಿಗೆಯ ಆಟದಲ್ಲಿ ತಿರುಗುಮುರುಗು. ಆ ಸಂಜೆ ವೇಣಿ ತಲೆಗೆ ಎಣ್ಣೆ ಹಚ್ಚಿಕೊಂಡು, "ಕೈಯೆಲ್ಲ ಎಣ್ಣೆ ಅತ್ಗೆ, ನೀವೇ ಒಂದಿಷ್ಟು ಔಷಧಿ ಕೊಂಡಿಡಿ" ಎಂದು ಬಚ್ಚಲಿಗೆ ಹೋದಳು. ಕಮಲಾಕ್ಷಿ ಕೊಂಡಿಟ್ಟು, ಸಿ.ಡಿ. ಬದಲಿಸಿ ತಮ್ಮ ಆಟಕ್ಕೆ ಕೂತರು. ಉಳಿಸಿಡಲು ಹೋದರೆ ನನ್ನಲ್ಲಿ ಜಾಗವಿಲ್ಲ. ವೇಣಿಯ ಆಟ ಅಳಿಸಲೇ ಎಂದು ಪರದೆ ಕೇಳಿತು. ಅಯ್ಯೋ ಬೇಡ ಎಂದುಕೊಂಡು, ವೇಣಿಯ ಆಟದ ಅಭ್ಯಾಸದಲ್ಲೇ ಇದ್ದ ಹೆಬ್ಬೆರಳು ಇಂಟು ಮಾರ್ಕು ಒತ್ತಿತು.

ಕೂಗಿ ಹೇಳೋಣವೆಂದರೆ ನನಗೆಲ್ಲಿಯ ಬಾಯಿ? ನಾಯಕಿ, ಬಿಲ್ಲುಗಾರ, ಮದ್ದಿನವಳು, ಕತ್ತೆ, ಎಲ್ಲರೂ ಒಟ್ಟಿಗೇ ನನ್ನಿಂದ ಹೋಗಿಬಿಟ್ಟರು.

ಅತ್ತಿಗೆ ನಡೆದಿದ್ದನ್ನು ಹೇಳಿದಾಗ ವೇಣಿ ಒದ್ದೆ ತಲೆಯಲ್ಲೇ ನಿಂತು ಕೇಳಿಸಿಕೊಂಡಳು. "ನಮ್ಮಣ್ಣನ್ನ ಕಿತ್ಕೊಂಡಿದ್ದು ಸಾಲ್ದಾಗಿತ್ತಾ ನಿಮ್ಗೆ?" ಎಂದಷ್ಟೇ ಕೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಅತ್ತಿಗೆಯೊಡನೆ ಮಾತಿಲ್ಲ, ಕತೆಯಿಲ್ಲ. ಭಾನುವಾರದ ಸಭೆಯೂ ನಿಂತಿತು. ಪರಮೇಶಿ ಗಾಡಿಯಿಂದ ಇಳಿದು ಬಂದರೆ, ಎರಡು ಮುಚ್ಚಿದ ಬಾಯಿಗಳ ನಡುವೆ ಊಟ ಮಾಡಿ ಎದ್ದು ಹೋಗುತ್ತಿದ್ದ.

ಒಂದು ಮಧ್ಯಾಹ್ನ, ವೇಣಿ ಕಾಲೇಜಿಗೆ ಹೋದ ಮೇಲೆ, ಕಮಲಾಕ್ಷಿ ನನ್ನ ಮುಂದೆ ಬಂದು ಕೂತರು. ಮೊದಲು ತಮ್ಮ ಕೋಟೆಗಳನ್ನೆಲ್ಲ ಒಂದೊಂದಾಗಿ ಅಳಿಸಿದರು. ಈ ಸಲ ಸರಿಯಾದ ಗುಂಡಿಯನ್ನೇ ಒತ್ತಿದರು. ಆಮೇಲೆ ವೇಣಿಯ ಸಿ.ಡಿ. ಹಾಕಿ ಮೊದಲಿನಿಂದ ಶುರು ಮಾಡಿದರು.

ಹೆಸರಿಡುವ ಪರದೆ ಬಂತು. ವೇಣಿ, ಸಿರಾಜ್, ಜೋಸ್ಫಿನ್. ಕತ್ತೆ ಬಂದಾಗ ಅವರ ಬೆರಳು ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ, ಯಾವ ಹೆಸರನ್ನಾದರೂ ಇಡಬಹುದಿತ್ತು. ನಾನಾಗಿದ್ದರೆ ಅಲ್ಲಿ ವೇಣಿಯ ಹೆಸರನ್ನೇ ಇಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕಮಲಾಕ್ಷಿ ಆ ನಾಲ್ಕು ಅಕ್ಷರಗಳನ್ನೇ ಒಂದೊಂದಾಗಿ ಹುಡುಕಿ ಒತ್ತಿದರು.

ದಿನಾ ಮಧ್ಯಾಹ್ನ ಆಟ. ದಾರಿ ತಿಳಿಯದಾದಾಗ ಸಿರಾಜನ ಅಂಗಡಿಗೆ ಹೋಗಿ, "ಅವಳು ಇಲ್ಲಿಂದ ಯಾವ ಕಡೆ ಹೋಗಿದ್ಲಪ್ಪ?" ಎಂದು ಕೇಳಿ ಬರುವರು. ಒಂದೇ ಒಂದು ಔಷಧಿಯನ್ನೂ ಮುಟ್ಟಲಿಲ್ಲ. ಬರೀ ಹುಣಿಸೆಬೀಜ ಸರಿಸಿ ಲೆಕ್ಕ ಹಾಕಿಯೇ ಗೆದ್ದರು. ಕಥೆಯ ಆಟವೆಂದರೆ ಮೂಗು ಮುರಿಯುತ್ತಿದ್ದವರು, ಅದರಲ್ಲಿ ಒಬ್ಬ ಅಜ್ಜಿ ಸತ್ತಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮಧ್ಯಾಹ್ನಗಳು ನನ್ನ ಬಾಳಿನ ಅತಿ ಒಳ್ಳೆಯ ದಿನಗಳು.

ವೇಣಿಯ ಪರೀಕ್ಷೆ ಮುಗಿದ ದಿನ ಕಮಲಾಕ್ಷಿ ಕಂಟ್ರೋಲರನ್ನು ಅವಳ ಮುಂದೆ ಇಟ್ಟರು. "ಒಂದ್ಸಲ ಹಾಕಿ ನೋಡು."

ವೇಣಿ ಬೇಡವೆನ್ನದೆ ಕೂತಳು. ಪರದೆಯ ಮೇಲೆ ಕೊನೆಯ ಬಾಗಿಲು. ಮುಂದೆ ಎಲ್ಲರೂ ನಿಂತಿದ್ದಾರೆ. ಚೀಲ ತೆಗೆದು ನೋಡಿದಳು, ಔಷಧಿ ತುಂಬಿ ತುಳುಕುತ್ತಿದೆ. ಆಮೇಲೆ ಕತ್ತೆಯ ಹೆಸರು ನೋಡಿದಳು.

"ಇದು ಬೇರೆ ಇಡ್ಬೋದಿತ್ತಲ್ವಾ ಅತ್ಗೆ?"

"ನಿಂದು ಹೇಗಿತ್ತೋ ಹಾಗೇ ಕೊಡ್ಬೇಕಲ್ವಾ? ಅದೂ ಅಲ್ದೆ, ನಿನ್ ಉಗ್ರಾಣ ಹೊರಕ್ಕೆ ಆ ಕತ್ತೆ ಬೇಡ್ವೇನೇ?"

ವೇಣಿ ಅತ್ತಿಗೆಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಎದ್ದವಳು ಮೂಗೊರೆಸಿಕೊಂಡು ಅಂದಳು: "ಬನ್ನಿ, ಬಾಗಿಲು ತೆಗೆಯೋಣ. ನೀವು ಪಕ್ಕದಲ್ಲೇ ಇರಿ." ಅಂದು ಕೂಡಿಟ್ಟ ಔಷಧಿಯೆಲ್ಲ ಖರ್ಚಾಯಿತು. ರಾಕ್ಷಸ ಸತ್ತ.

ಈಗ ನನಗೆ ವಯಸ್ಸಾಗಿದೆ. ಗೇಮ್ ಪೆಟ್ಟಿಗೆ ಎಂದೋ ಕೆಟ್ಟು ಗುಜರಿಗೆ ಹೋಯಿತು. ನಾನು ಕಮಲಾಕ್ಷಿಯ ಹೊಲಿಗೆ ಡಬ್ಬಿಯಲ್ಲಿ ಗುಂಡಿ, ದಾರಗಳ ಜೊತೆ ಇದ್ದೇನೆ. ಗೆದ್ದ ಮೇಲೆ ಉಳಿಸಿಡಲು ಆ ಆಟದಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ನನ್ನೊಳಗೆ ಇಂದಿಗೂ ಬಾಗಿಲು ಮುಚ್ಚಿದೆ, ಚೀಲ ತುಂಬಿದೆ, ಯಾರೂ ಎಲ್ಲೂ ಹೋಗಿಲ್ಲ. ವೇಣಿ ಬಯಸಿದ್ದೂ ಅದನ್ನೇ ಅಲ್ಲವೇ ಎಂದು ನನಗೆ ಸಮಾಧಾನ.

ಮೊನ್ನೆ ಹಬ್ಬಕ್ಕೆ ಬಂದ ವೇಣಿ ಸೂಜಿ ಹುಡುಕಲು ಡಬ್ಬಿ ತೆಗೆದಳು. ನನ್ನನ್ನು ಕಂಡು ಅಂಗೈ ಮೇಲಿಟ್ಟುಕೊಂಡಳು. ಪಕ್ಕದಲ್ಲಿದ್ದ ಅವಳ ಗಂಡ, "ಏನದು? ಎಸೆಯೋದಾ?" ಎಂದು ಕೇಳಿದ.

"ಎಸೆದೀರಿ ಮತ್ತೆ!" ವೇಣಿ ಕೈ ಮುಚ್ಚಿಕೊಂಡಳು. "ನಮ್ಮತ್ಗೆ ಇದಾರೆ ಇದ್ರಲ್ಲಿ."

ಅಡುಗೆಮನೆಯಿಂದ ಕಮಲಾಕ್ಷಿಯ ದನಿ ಕೇಳಿಸಿತು: "ಕತ್ತೆಯಾಗಿ ಇದೀನಿ ಅಂತ ಪೂರ್ತಿ ಹೇಳೇ!"