ಅಮ್ಮ ಹುಟ್ಟುಹಾಕಿದ ‘ಮನೆ’ ವಿಭಾಗ

‘ಮನೆ’ ವಿಭಾಗವನ್ನು ತೆಗೆದುಹಾಕೋಣ ಎಂದು ಅಕ್ಕ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಾವಿಬ್ಬರೂ ಸೇರಿ ಅಂತರ್ಜಾಲದಲ್ಲಿ ನಡೆಸುವ ಸಣ್ಣ ಆ್ಯಪ್ ಅಂಗಡಿ ನಮ್ಮದು. ಯಾರ್ಯಾರೋ ಮಾಡಿದ ಆ್ಯಪ್‌ಗಳನ್ನು ವಿಂಗಡಿಸಿ ಜೋಡಿಸಿಡುತ್ತೇವೆ, ಜನ ಬಂದು ತಮ್ಮ ಫೋನಿಗೆ ಇಳಿಸಿಕೊಳ್ಳುತ್ತಾರೆ. ಆಟ, ಓದು, ಆರೋಗ್ಯ, ಉಪಕರಣ, ಪ್ರಯಾಣ ವಿಭಾಗಗಳೆಲ್ಲ ಒಪ್ಪವಾಗಿದ್ದವು. ‘ಮನೆ’ ಮಾತ್ರ ಹಳೆಯ ಅಟ್ಟದ ಹಾಗಿತ್ತು. ಟಾರ್ಚು, ಅಲಾರಂ, ನಿಘಂಟು, ರೈಲಿನ ವೇಳಾಪಟ್ಟಿ ಎಲ್ಲವೂ ಅಲ್ಲೇ ಬಿದ್ದಿದ್ದವು.

“ರೈಲಿಗೂ ಮನೆಗೂ ಏನೇ ಸಂಬಂಧ? ಜನ ಬೈತಿದ್ದಾರೆ ಕಣೇ,” ಎಂದಳು ಅಕ್ಕ.

“ಅದು ಅಮ್ಮ ಮಾಡಿಸಿದ್ದು. ಮುಟ್ಟಿದ್ರೆ ನೋಡು,” ಎಂದೆ.

ಅಂಗಡಿ ಶುರುಮಾಡಿದ ಕಾಲಕ್ಕೆ, ಜೋಡಣೆ ಸರಿಯಿದೆಯೇ ಎಂದು ನೋಡಿ ಹೇಳಲು ಜನರನ್ನಿಟ್ಟುಕೊಳ್ಳುವ ಯೋಗ್ಯತೆ ನಮಗಿರಲಿಲ್ಲ. ಹೊಸ ಆ್ಯಪ್ ಬಂದಾಗಲೆಲ್ಲ ಫೋನು ಹಿಡಿದು ಅಡುಗೆಮನೆಗೆ ಹೋಗುತ್ತಿದ್ದೆವು. “ಅಮ್ಮ, ಟಾರ್ಚು ಹುಡುಕು ನೋಡೋಣ.” ಅಮ್ಮನಿಗೆ ಸಿಕ್ಕಿದರೆ ಲೋಕಕ್ಕೇ ಸಿಗುತ್ತದೆ ಎಂಬುದು ನಮ್ಮ ವೇದವಾಕ್ಯ. ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನಮ್ಮಿಬ್ಬರ ನಡುವೆ ಕೂತು ಆಟಗಳಿಂದ ಶುರುಮಾಡುತ್ತಿದ್ದಳು. “ಇದೇನೇ ಇದು, ಹಾವು ಹಣ್ಣು ತಿನ್ತಿದೆ?” ಆಮೇಲೆ ಆರೋಗ್ಯ. ಅಲ್ಲಿ ಹೊಟ್ಟೆ ಕರಗಿಸುವ ಚಿತ್ರ ಕಂಡದ್ದೇ ತಡ, ನಮ್ಮ ಚಿಕ್ಕಮ್ಮನ ಪುರಾಣ ಬಿಚ್ಚಿಕೊಳ್ಳುತ್ತಿತ್ತು. ಟೀ ಆರಿ ತಣ್ಣಗಾದರೂ ಟಾರ್ಚು ಸಿಗುತ್ತಿರಲಿಲ್ಲ. “ಕರೆಂಟು ಹೋಗೋದು ಮನೇಲಿ ತಾನೇ? ಮನೆ ಅಂತ ಒಂದು ಮಾಡಿ, ಅಲ್ಲಿಡ್ರೇ,” ಎಂದಳು ಒಂದು ದಿನ. ಹಾಗೆ ಹುಟ್ಟಿತು ಆ ವಿಭಾಗ. ಅವಳಿಗೆ ಸಿಗದ್ದನ್ನೆಲ್ಲ ಅಲ್ಲಿಗೇ ಸಾಗಿಸಿದೆವು. ಅಮ್ಮ ತೀರಿಕೊಂಡ ಮೇಲೂ ಅದನ್ನು ಅಲುಗಾಡಿಸಲು ನಾನು ಬಿಟ್ಟಿರಲಿಲ್ಲ. ಅವಳ ಜೊತೆ ಕಳೆದ ಆ ಮಧ್ಯಾಹ್ನಗಳ ಗುರುತಾಗಿ ನನಗೆ ಉಳಿದದ್ದು ಅದೊಂದೇ.

“ಸರಿ, ಅಪ್ಪನ ಕೈಲಿ ಹುಡುಕಿಸೋಣ,” ಎಂದಳು ಅಕ್ಕ. “ಎಲ್ಲವನ್ನೂ ಅದರದರ ಜಾಗಕ್ಕೆ ಹಾಕಿ ಕೊಡ್ತೀನಿ. ಟಾರ್ಚು ಸಿಕ್ಕಿದ್ರೆ ‘ಮನೆ’ ತೆಗೆಯೋದು. ಸಿಗದಿದ್ರೆ ನಿನ್ನ ಹಠವೇ ಗೆಲ್ಲಲಿ.”

ನಾನು ಕುಣಿದುಕೊಂಡು ಒಪ್ಪಿದೆ. ಅಪ್ಪನಿಗೂ ಫೋನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಅಪ್ಪ ಫೋನು ತೆಗೆದುಕೊಂಡರು. ಉಪಕರಣ ಒತ್ತಿದರು. “ಇಗೋ ಟಾರ್ಚು,” ಎಂದು ವಾಪಸು ಕೊಟ್ಟು ಪೇಪರ್ ಎತ್ತಿಕೊಂಡರು. ನನ್ನ ಮುಖ ಹುಳ್ಳಗಾಯಿತು.

“ಅಮ್ಮನಿಗೆ ಎಷ್ಟು ಹೊತ್ತಾದ್ರೂ ಸಿಗ್ತಿರಲಿಲ್ಲ,” ಎಂದೆ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಹಾಗೆ.

ಅಪ್ಪ ಪೇಪರಿನ ಮರೆಯಲ್ಲೇ ನಕ್ಕರು. “ನಿಮ್ಮಮ್ಮನಿಗಾ? ನಿಮ್ಮ ಅಂಗಡಿಯಿಂದ ನನ್ನ ಫೋನಿಗೆ ಟಾರ್ಚು ಹಾಕಿಕೊಟ್ಟವಳೇ ಅವಳು. ಯಾವುದನ್ನಾದ್ರೂ ಕಣ್ಣುಮುಚ್ಚಿ ಹುಡುಕಿ ತೆಗೀತಿದ್ದಳು. ನೀವಿಬ್ರೂ ಬಂದು ಕೂತಾಗ ಮಾತ್ರ ಅವಳಿಗೆ ಏನೂ ಕಾಣ್ತಿರಲಿಲ್ಲ. ‘ಬೇಗ ಸಿಕ್ಕಿಬಿಟ್ರೆ ಎದ್ದು ಹೋಗಿಬಿಡ್ತಾರೆ ರೀ’ ಅಂತಿದ್ದಳು.”

ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಮಹಾ ಜಾಣೆಯರು ನಾವು, ಅವಳ ನಾಟಕ ನಂಬಿ ಇಡೀ ಅಂಗಡಿಯನ್ನೇ ತಲೆಕೆಳಗು ಮಾಡಿದ್ದೆವು. ರೈಲನ್ನೂ ಮನೆಯೊಳಗೆ ತಂದು ನಿಲ್ಲಿಸಿದ್ದೆವು. ನಗು ಬಂತು, ಅದರ ಬೆನ್ನಿಗೇ ಅಳು ಬಂತು. ‘ಕೂತ್ಕೊಳ್ರೇ’ ಅಂತ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅಮ್ಮನ ಮೇಲೆ ಸಿಟ್ಟೂ ಬಂತು.

“ತೆಗೆದುಬಿಡು ಅಕ್ಕ,” ಎಂದೆ.

ಅಕ್ಕ ತೆಗೆದಳು. ಕಣ್ಣೊರೆಸಿಕೊಂಡು ಬಂದು ಅಪ್ಪನ ಒಂದು ಪಕ್ಕಕ್ಕೆ ಕೂತಳು. ಇನ್ನೊಂದು ಪಕ್ಕಕ್ಕೆ ನಾನು ಕೂತೆ.

“ಅಪ್ಪ, ಈಗ ನಿಘಂಟು ಹುಡುಕಿ ನೋಡೋಣ,” ಎಂದೆ.

ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದರು. ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಕನ್ನಡಕವನ್ನು ನಿಧಾನವಾಗಿ ಒರೆಸಿ ಹಾಕಿಕೊಂಡು, ಆಟಗಳ ವಿಭಾಗ ಒತ್ತಿದರು.