ಹಲಗೆಯ ಮೇಲಿನ ಹದಿನೆಂಟು ಗೆರೆ

"ಎಡಕ್ಕೆ ವಾಲಿಸಿ! ದೀಪಕ್ಕೆ ತಾಗತ್ತೆ!" ಎಂದು ಗೀಸೆಲಾ ಕೂಗುವಷ್ಟರಲ್ಲಿ ಹಲಗೆಯ ತುದಿ ಅಡುಗೆಮನೆಯ ದೀಪಕ್ಕೆ ಬಡಿದು, ಗಾಜಿನ ಬುರುಡೆ ತೂಗಾಡತೊಡಗಿತು. ಆಳೆತ್ತರಕ್ಕೂ ಮಿಗಿಲಾದ ಹಲಗೆ. ಒಂದು ತುದಿ ಹಿಡಿದಿದ್ದವನು ಗುಡ್ಡದ ಮೇಲಿನ ನಕ್ಷತ್ರ ವೀಕ್ಷಣಾಲಯದ ಟಿಲ್ಮನ್, ಇನ್ನೊಂದು ತುದಿಯಲ್ಲಿ ಅಲ್ಲಿನ ಬಡಗಿ. ಇಬ್ಬರೂ ಕಪ್ಪು ಕೋಟು ತೊಟ್ಟಿದ್ದರು. ಇನ್ನೆರಡು ಗಂಟೆಯಲ್ಲಿ ಅಲ್ಲೇ ಕೆಲಸಕ್ಕಿದ್ದ ವಿನ್‌ಫ್ರೀಡ್‌ನ ಮಣ್ಣು.

"ಸತ್ತ ಮೇಲೂ ಮನೆಗೆ ಕಸ ತರ್ಸೋದು ಬಿಡ್ಲಿಲ್ಲ ನೋಡು ನಿನ್ನ ಗಂಡ," ಎಂದು ಗೀಸೆಲಾ ಅಕ್ಕನತ್ತ ತಿರುಗಿದಳು.

ಅಕ್ಕ ಹನ್ನೆಲೋರೆ ನಗಲಿಲ್ಲ. ಅವಳ ಕಣ್ಣು ಹಲಗೆಯ ಮೇಲಿತ್ತು.

"ಗೋಪುರದ ಕೆಳಗಿನ ಕೋಣೇಲಿ ಬಾಗಿಲು ಬದಲಾಯಿಸ್ತಿದ್ವಿ," ಎಂದ ಟಿಲ್ಮನ್. "ಕೋಟು ನೇತುಹಾಕೋ ಜಾಗದ ಹಿಂದೆ ಈ ಚೌಕಟ್ಟಿನ ಹಲಗೆ ಸಿಕ್ತು. ಅವರದೇ ಕೈಬರಹ. ಒಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ."

ತೊಡೆಯ ಎತ್ತರದಿಂದ ಶುರುವಾಗಿ ಮೇಲಮೇಲಕ್ಕೆ ಹದಿನೆಂಟು ಪೆನ್ಸಿಲ್ ಗೆರೆಗಳು. ಕೆಳಗೆ ದೂರ ದೂರ, ಮೇಲೆ ಹೋದಂತೆ ಒತ್ತೊತ್ತು. ಪ್ರತಿ ಗೆರೆಯ ಪಕ್ಕದಲ್ಲೂ ಐದಂಕಿಯ ಒಂದು ಸಂಖ್ಯೆ. ಕೆಲವು ಗೆರೆಗಳು ಸೊಟ್ಟಗಿದ್ದವು, ಅಳೆಸಿಕೊಳ್ಳುವವರು ನೆಟ್ಟಗೆ ನಿಲ್ಲದೆ ಕೊಸರಿಕೊಂಡಂತೆ. ಮಕ್ಕಳಿರುವ ಮನೆಗಳ ಬಾಗಿಲಲ್ಲಿ ಇಂಥ ಗೆರೆಗಳು ಇದ್ದೇ ಇರುತ್ತವೆ. ಈ ಮನೆಯಲ್ಲಿ ಮಕ್ಕಳಿರಲಿಲ್ಲ.

"ಯಾವ್ದೋ ಮಗೂನ ಅಳೆದಿದಾರೆ," ಎಂದುಬಿಟ್ಟ ಬಡಗಿ. ಟಿಲ್ಮನ್ ಅವನ ಕಾಲು ತುಳಿದ.

ಗೋಡೆಗೆ ನೆಟ್ಟಗೆ ಆನಿಸಿದ ಹಲಗೆಗೆ ಹನ್ನೆಲೋರೆ ಬೆನ್ನು ಕೊಟ್ಟು ನಿಂತಳು. ಕೊನೆಯ ಗೆರೆ ಅವಳ ನೆತ್ತಿಗಿಂತ ಎರಡು ಬೆರಳು ಮೇಲಿತ್ತು.

"ನಿನಗಿಂತ ಎತ್ತರ," ಎಂದಳು ಗೀಸೆಲಾ, ದನಿ ತಗ್ಗಿಸಿ.

"ನಾನು ಹೇಳಿರ್ಲಿಲ್ವಾ? ಪ್ರತಿ ವರ್ಷ ನಿಮ್ಮನೆಯಿಂದ ವಾಪಸ್ ಬಂದ್ರೆ ಡಬ್ಬಿಯಲ್ಲಿ ಕೇಕು ಎರಡು ತುಂಡು ಕಮ್ಮಿ. ಅವನು ಸಿಹಿ ಮುಟ್ತಾನೇ ಇರ್ಲಿಲ್ಲ. ನಾನಿಲ್ದಾಗ ಇನ್ಯಾರೋ ಇದ್ರು ಗೀಸೆಲಾ. ಅವನ ಮಗಳು ಇವತ್ತು ಬರ್ತಾಳೆ, ನೋಡ್ತಿರು."

"ಹುಚ್ಚು ಹುಚ್ಚಾಗಿ ಮಾತಾಡ್ಬೇಡ."

"ಬೆಂಕಿ ಇಲ್ದೆ ಹೊಗೆ ಆಡತ್ತಾ? ಯಾರ ಗಂಡನ್ನ ಹೂಳ್ತಿದೀನಿ ಅಂತ ಗೊತ್ತಾಗ್ದೆ ನಾನು ಒಂದು ಹಿಡಿ ಮಣ್ಣೂ ಹಾಕಲ್ಲ."

ನಲವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು. ಗಂಡನ ಮುಂದೆ ಒಂದು ಸಲವೂ ಕೆಮ್ಮಿದವಳಲ್ಲ.

*

ಮದುವೆಯಾದ ಹೊಸತರಲ್ಲಿ ವಿನ್‌ಫ್ರೀಡ್ ಇದೇ ಅಡುಗೆಮನೆಯಲ್ಲಿ ಕೂತು ತನ್ನ ಕೆಲಸ ವಿವರಿಸಿದ್ದ. ಕೆಂಪಗೆ ಊದಿಕೊಂಡ ಮುದಿ ದೈತ್ಯ ನಕ್ಷತ್ರಗಳು ಅವನ ಪಾಲಿಗೆ ಬಂದಿದ್ದವು. ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮತ್ತ ಬರುವಾಗ ಗೆರೆಗಳು ಕೂದಲೆಳೆಯಷ್ಟು ನೀಲಿಯ ಕಡೆ ಸರಿಯುತ್ತವೆ, ದೂರ ಹೋಗುವಾಗ ಕೆಂಪಿನ ಕಡೆ. ಹೀಗೆ ಲೆಕ್ಕ ತಪ್ಪದೆ ಬಂದು ಹೋಗಿ ಮಾಡುತ್ತಿದ್ದರೆ, ಪಕ್ಕದಲ್ಲಿ ಯಾರೋ ಇದ್ದು ಎಳೆಯುತ್ತಿದ್ದಾರೆ.

"ಕಾಣ್ದೇ ಇರೋರನ್ನ ಹೆಂಗೆ ನಂಬ್ತೀಯ?" ಎಂದು ಅವಳು ಕೇಳಿದ್ದಳು.

"ಕಾಣ್ಬೇಕಾಗಿಲ್ಲ ಹನ್ನೆ. ಎಳೆತ ಗೊತ್ತಾದ್ರೆ ಸಾಕು. ಆದ್ರೆ ಸರಿಯಾಗಿ ವರ್ಷಕ್ಕೊಂದು ಸಲ ಬಂದು ಹೋಗೋದು ಸಿಕ್ತು ಅನ್ನು, ಆಗ ಹುಷಾರು. ಭೂಮೀನೇ ವರ್ಷಕ್ಕೊಂದು ಸುತ್ತು ಹಾಕತ್ತಲ್ಲ. ಓಡಾಡೋದು ನಾವು, ದೂರೋದು ನಕ್ಷತ್ರಾನ. ಮೊದಲು ನಮ್ಮ ಓಟ ಕಳೀಬೇಕು."

ಮರುವರ್ಷ, ಎಪ್ಪತ್ತೆಂಟರ ಮಾರ್ಚ್ ಒಂಬತ್ತರಂದು ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. ಬಟ್ಟೆ ಸುತ್ತಿ ಒಯ್ದರು. ಅವಳಿಗೂ ತೋರಿಸಲಿಲ್ಲ, ಅವನಿಗೂ ತೋರಿಸಲಿಲ್ಲ. ಆಗಿನ ರೂಢಿ ಹಾಗಿತ್ತು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ವರ್ಷ ತುಂಬಿದ ದಿನ ಮನೆಯಲ್ಲಿರಲಾಗದೆ ಹನ್ನೆಲೋರೆ ರೈಲು ಹತ್ತಿ ತಂಗಿಯ ಊರಿಗೆ ಹೋದಳು. ಆಮೇಲೆ ಪ್ರತಿ ವರ್ಷವೂ ಹೋದಳು.

*

ಸ್ಮಶಾನದ ಪ್ರಾರ್ಥನಾ ಕೋಣೆಯಲ್ಲಿ ಹನ್ನೆಲೋರೆ ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲ ಊರಿನವರೇ, ಎಲ್ಲ ಮುದುಕರೇ. ನಲವತ್ತರ ಆಸುಪಾಸಿನ ಹೆಣ್ಣು ಒಬ್ಬಳೂ ಇರಲಿಲ್ಲ. ಕೊನೆಗೆ ಅವಳು ಹಿಂದಿನ ಬೆಂಚಿನಲ್ಲಿದ್ದ ಟಿಲ್ಮನ್‌ನನ್ನು ಕರೆದು ಒಂದು ಚೀಟಿ ಕೊಟ್ಟಳು. ಹಲಗೆಯ ಸಂಖ್ಯೆಗಳನ್ನು ಬರೆದುಕೊಂಡು ಬಂದಿದ್ದಳು.

"ಇವೇನು ಹೇಳಿ."

"ದಿನದ ಸಂಖ್ಯೆಗಳು. ನಾವು ತಿಂಗಳು, ವರ್ಷ ಅಂತ ಹೋಗಲ್ಲ, ದಿನಗಳನ್ನ ಒಂದೇ ಸಮ ಎಣಿಸ್ತಾ ಹೋಗ್ತೀವಿ." ಅವನು ಸಂಖ್ಯೆಗಳನ್ನು ಫೋನಿನಲ್ಲಿ ಒತ್ತಿ ನೋಡಿದ. "ಮೊದಲ್ನೇದು ಎಪ್ಪತ್ತೊಂಬತ್ತು, ಮಾರ್ಚ್ ಒಂಬತ್ತು. ಇದು ಎಂಬತ್ತು... ಇದೂ ಮಾರ್ಚ್ ಒಂಬತ್ತೇ."

"ಕೊನೇದು?"

"ತೊಂಬತ್ತಾರು. ಮಾರ್ಚ್ ಒಂಬತ್ತು."

ಹನ್ನೆಲೋರೆ ಶವಪೆಟ್ಟಿಗೆಯತ್ತ ತಿರುಗಿದಳು. 

"ಓಡ್ತಾ ಇದ್ದೋಳು ನಾನು," ಎಂದಳು. "ಅವನು ಇದ್ದಲ್ಲೇ ಇದ್ದ."

ಟಿಲ್ಮನ್‌ಗೆ ಅರ್ಥವಾಗಲಿಲ್ಲ. ಚೀಟಿ ಮಡಿಸುತ್ತಾ ಹೇಳಿದ: "ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಹಳೇ ದಿನಚರಿ ಪುಸ್ತಕಗಳಲ್ಲಿ ಆವತ್ತಿನ ಪುಟ ನೋಡಿದೀನಿ. ವೀಕ್ಷಕರು ಎಷ್ಟು ಜನ ಅನ್ನೋ ಕಡೆ ಎರಡು ಅಂತ ಬರೀತಿದ್ರು. ಮೇಲೆ ಇರ್ತಿದ್ದದ್ದು ಅವರೊಬ್ರೇ. ಕೈತಪ್ಪು ಅಂತ ನಾವು ನಗಾಡ್ತಿದ್ವಿ."

"ಕೈತಪ್ಪು ಮಾಡೋನಾ ಅವನು?"

"ಇಲ್ಲ. ಒಂದು ಗೆರೇನೂ ಸೊಟ್ಟ ಎಳೆದೋರಲ್ಲ."

ಹೇಳಿದ ಮೇಲೆ ಅವನಿಗೂ ಹಲಗೆಯ ಸೊಟ್ಟ ಗೆರೆಗಳು ನೆನಪಾದವು. 

*

ನವೆಂಬರಿನ ಚಳಿಗೆ ನೆಲ ಹೆಪ್ಪುಗಟ್ಟಿತ್ತು. ಎಲೆ ಅಲುಗಾಡುವಷ್ಟೂ ಗಾಳಿಯಿಲ್ಲ. ಪಾದ್ರಿಯ ಮಾತು ಮುಗಿದು ಪೆಟ್ಟಿಗೆ ಗುಂಡಿಗಿಳಿಯಿತು. ಹನ್ನೆಲೋರೆ ರೂಢಿಯಂತೆ ಪುಟ್ಟ ಸಲಿಕೆಯಿಂದ ಮೂರು ಸಲ ಮಣ್ಣು ಹಾಕಿದಳು. ಮೂರು ಸಲವೂ ಮರದ ಮೇಲೆ ಸದ್ದಾಯಿತು. ಅವಳು ಸಲಿಕೆಯನ್ನು ಮಣ್ಣಿನಲ್ಲಿ ಸಿಕ್ಕಿಸಿ, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಎಡಕ್ಕೆ ಸರಿದಳು.

ಸಾಲಿನಲ್ಲಿ ಮುಂದಿನವಳು ಗೀಸೆಲಾ. ಅವಳು ಸಲಿಕೆಗೆ ಕೈಚಾಚಿದಳು.

"ತಡಿ," ಎಂದಳು ಹನ್ನೆಲೋರೆ. "ನಿನ್ನ ಸರದಿ ಇನ್ನೂ ಬಂದಿಲ್ಲ."

"ಇನ್ಯಾರಿದಾರೆ ಅಕ್ಕ?"

 ಸಾಲು ನಿಂತಿತು. ಹಿಂದೆ ಯಾರೋ ಕೆಮ್ಮಿದರು. ಸಲಿಕೆ ನೆಟ್ಟಲ್ಲೇ ಇತ್ತು, ಅದರ ಹತ್ತಿರ ಯಾರೂ ಇರಲಿಲ್ಲ.

ಗುಂಡಿಯ ಒಳಗೆ ಮರದ ಮೇಲೆ ಮಣ್ಣು ಬಿದ್ದ ಸದ್ದಾಯಿತು. ಅಂಚು ಕುಸಿದಿರಬೇಕೆಂದು ಪಾದ್ರಿ ಬಗ್ಗಿ ನೋಡಿದರು. ಮತ್ತೊಮ್ಮೆ ಸದ್ದಾಯಿತು. ಗೀಸೆಲಾ ಚಾಚಿದ್ದ ಕೈಯನ್ನು ಎಳೆದುಕೊಂಡಳು. ಮೂರನೆಯದು ಬೀಳುವವರೆಗೂ ಎಲ್ಲರೂ ಕಾದರು.

ಹನ್ನೆಲೋರೆ ಪಕ್ಕದಲ್ಲಿ ತಾನು ಬಿಟ್ಟಿದ್ದ ಜಾಗದ ಕಡೆ ತಿರುಗಿ, ಕತ್ತನ್ನು ತುಸು ಮೇಲೆತ್ತಿ, ತನಗಿಂತ ಎರಡು ಬೆರಳು ಎತ್ತರಕ್ಕೆ ನೋಡಿದಳು.