ಒಂದೇ ಒಂದು ಇಟ್ಟುಕೋ

ಹೂವಿನ ವ್ಯಾಪಾರಿಗೂ ಏನನ್ನೂ ಬಿಸಾಡದ ಹೆಂಗಸಿಗೂ ಗಂಟು ಹಾಕಿದ ಪುಣ್ಯಾತ್ಮ ಯಾರು ಎಂದು ಹಡಗಲಿಯ ಹೂವಿನ ಮಾರುಕಟ್ಟೆಯಲ್ಲಿ ಗಂಗಾಧರನನ್ನು ಗೇಲಿ ಮಾಡುತ್ತಿದ್ದರು. ಅವನೂ ಜೊತೆಗೂಡಿ ನಗುತ್ತಿದ್ದ. ನಿಜ ಹೇಳಬೇಕೆಂದರೆ ಮದುವೆಯಾಗಿ ಬಂದಾಗ ಗೀತಾಂಜಲಿ ಹಾಗಿರಲಿಲ್ಲ. ಅದು ಮಾರುಕಟ್ಟೆಯವರಿಗೆ ಗೊತ್ತಿರಬೇಕಾಗಿಲ್ಲ, ಗಂಗಾಧರನಿಗಾದರೂ ನೆನಪಿರಬೇಕಿತ್ತು.

ಅವನ ಕೆಲಸವೇ ಅಂಥದ್ದು. ನಸುಕಿನಲ್ಲಿ ರೈತರು ತಂದ ಮಲ್ಲಿಗೆ ಮೊಗ್ಗನ್ನು ಕೊಂಡು, ಒದ್ದೆ ಬಟ್ಟೆ ಸುತ್ತಿದ ಬುಟ್ಟಿಗಳಲ್ಲಿ ಹೊಸಪೇಟೆ, ದಾವಣಗೆರೆ ಬಸ್ಸುಗಳಿಗೆ ಏರಿಸಬೇಕು. ಹೋದದ್ದು ಹೋಯಿತು. ಉಳಿದದ್ದು ಮಧ್ಯಾಹ್ನದ ಹೊತ್ತಿಗೆ ಅರಳಿ ಬಾಡಿ ಯಾರಿಗೂ ಬೇಡವಾಗುತ್ತದೆ. ಅದನ್ನು ಅವನು ಎರಡೂ ಕೈಯಿಂದ ಬಾಚಿ ತಿಪ್ಪೆಗೆ ಹಾಕಿ, ಕೈ ಕೊಡವಿ, ಊಟಕ್ಕೆ ಹೋಗುತ್ತಿದ್ದ. ಇಪ್ಪತ್ತು ವರ್ಷದಿಂದ ಇದೇ. ನಿನ್ನೆಯದನ್ನು ಇಟ್ಟುಕೊಂಡು ಕೂತವನು ಹೂವಿನ ವ್ಯಾಪಾರ ಮಾಡಿ ಉದ್ಧಾರವಾದದ್ದಿಲ್ಲ ಎಂದು ಅವನು ಎದೆ ಸೆಟೆಸಿ ಹೇಳುತ್ತಿದ್ದ.

ಮನೆಗೆ ಬಂದರೆ ಬಾಗಿಲಿನಿಂದಲೇ ನಿನ್ನೆ ಮೊನ್ನೆಗಳ ರಾಶಿ. ತೊಳೆದು ಒಣಗಿಸಿ ಮಡಚಿಟ್ಟ ಹಾಲಿನ ಪಾಕೀಟುಗಳು. ಸೀರೆ ಅಂಗಡಿಯ ಕೈಚೀಲಗಳು, ಒಂದರೊಳಗೊಂದು. ಮೂಲೆಗೆ ಅರಿಸಿನ ಹಚ್ಚಿದ ಹಳೆಯ ಲಗ್ನಪತ್ರಿಕೆಗಳು. ಅವುಗಳಲ್ಲಿದ್ದ ಕೆಲವು ಜೋಡಿಗಳಿಗೆ ಈಗ ಸೋಡಚೀಟಿಯೂ ಆಗಿತ್ತು. ಮುಚ್ಚಳವಿಲ್ಲದ ಬಾಟಲಿ, ಬಾಟಲಿಯಿಲ್ಲದ ಮುಚ್ಚಳ, ಸುಟ್ಟುಹೋದ ಮೂರು ಮಿಕ್ಸರು, ಕಾಲು ಮುರಿದ ಕುರ್ಚಿ, ಹೋದ ವರ್ಷಗಳ ಕ್ಯಾಲೆಂಡರು. ಮೂರನೆಯ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಗೀತಾಂಜಲಿ ಅಡ್ಡವಾಗಿ ನುಸುಳಿ ಒಳಗೆ ಹೋಗಿ ಇನ್ನೊಂದು ಗಂಟು ಇಟ್ಟು ಬರುತ್ತಿದ್ದಳು. ನೆಂಟರು ಬಂದರೆ ಗಂಗಾಧರ ಅವರನ್ನು ಕಟ್ಟೆಯ ಮೇಲೆಯೇ ಕೂರಿಸಿ ಚಹಾ ಕುಡಿಸಿ ಕಳಿಸುತ್ತಿದ್ದ. ಅವನಿಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆ ಒಳಗೊಳಗೇ ಸಿಟ್ಟಾಗಿ ಬೆಳೆಯುತ್ತಿತ್ತು.

ಕಡೆಗೆ ಅವನ ಪರ ವಹಿಸಿದ್ದು ಒಂದು ಚೇಳು. ಪಾಕೀಟುಗಳ ರಾಶಿಯಿಂದ ಹೊರಬಂದು ಅವನ ಹೆಬ್ಬೆರಳಿಗೆ ಕುಟುಕಿತು. ಮೂರು ದಿನ ಮಾರುಕಟ್ಟೆ ಮುಖ ನೋಡದೆ ಮಲಗಿದ. ನಾಲ್ಕನೆಯ ದಿನ ಎದ್ದು ಕುಂಟುತ್ತ ಪಡಸಾಲೆಯಲ್ಲಿ ನಿಂತು ಹೆಂಡತಿಯನ್ನು ಕರೆದ.

"ಗೀತಾ, ಇನ್ ನನ್ ಕೈಲಿ ಆಗಂಗಿಲ್ಲ. ಇದು ಇರಬೇಕು, ಇಲ್ಲಾ ನಾ ಇರಬೇಕು."

"ನಾ ಏನ್ ಯಾರದರ ಕದ್ದು ತಂದೀನೇನ್ರಿ?"

"ಕದ್ದು ತಂದಿದ್ರ ಪೊಲೀಸರರ ಬಂದು ಒಯ್ತಿದ್ರು. ಸೋಮವಾರ ಗುಜರಿ ಗಾಡಿ ಕರಸ್ತೀನಿ. ಎಲ್ಲಾ ಹೋಗಬೇಕು." ಅವಳ ಮುಖ ಬಿಳಿಚಿದ್ದನ್ನು ಕಂಡು ಅವನಿಗೆ ಸ್ವಲ್ಪ ಕನಿಕರವೂ ಆಯಿತು. "ಆತು, ಒಂದೇ ಒಂದು ಇಟ್ಕೋ. ಯಾವುದರ ಇರ್ಲಿ, ನಾ ಏನೂ ಅನ್ನಂಗಿಲ್ಲ."

ಜಗಳವಾಡುತ್ತಾಳೆ, ಊಟ ಬಿಡುತ್ತಾಳೆ, ಕೋಗಳಿಯ ತವರಿಗೆ ಹೋಗಿ ಕೂರುತ್ತಾಳೆ ಎಂದು ಅವನು ಸಿದ್ಧನಾಗಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಮೂರನೆಯ ಕೋಣೆಗೆ ನುಸುಳಿದಳು. ಎರಡು ದಿನ ಒಂದೊಂದೇ ಗಂಟು ಹೊರಗೆ ಬಂತು. ಪ್ರತಿಯೊಂದನ್ನೂ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಅಂಗಳದಲ್ಲಿ ಸಾಲಾಗಿ ಇಟ್ಟಳು. ಬಿಸಾಡುವುದನ್ನೂ ಇಷ್ಟು ಓರಣವಾಗಿ ಇಡುವುದನ್ನು ನೋಡಿ ಅವನಿಗೆ ನಗು ಬಂತು. ಇಷ್ಟು ಸುಲಭವಿದ್ದರೆ ಹತ್ತು ವರ್ಷ ಮೊದಲೇ ದನಿ ಎತ್ತಬೇಕಿತ್ತು ಅನಿಸಿತು.

ಸೋಮವಾರ ಬೆಳಿಗ್ಗೆ ಗಾಡಿ ಬಂದು ತುಂಬಿಕೊಂಡು ಹೋಯಿತು. ಗೀತಾಂಜಲಿ ಬಾಗಿಲಲ್ಲಿ ನಿಂತಿದ್ದಳು, ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಕದಲಲಿಲ್ಲ. ಗಂಗಾಧರ ಖಾಲಿ ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದ. ಸುಣ್ಣದ ಗೋಡೆ ಕಂಡು ಎಷ್ಟೋ ವರ್ಷವಾಗಿತ್ತು. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು.

"ಒಂದು ಇಟ್ಕೋ ಅಂದಿದ್ನೆಲ್ಲ, ಏನ್ ಇಟ್ಕೊಂಡಿ?"

ಅವಳು ದೇವರ ಜಗಲಿಯ ಹಿಂದಿನಿಂದ ಒಂದು ಹಳೆಯ ಲಕೋಟೆ ತಂದಳು. ಒಳಗೆ ಅಂಗೈ ಅಗಲದ ಒಂದು ನುಣುಪು ಕಾಗದ, ಕಪ್ಪು ಬಿಳಿ ಚಿತ್ರ. ಮೊದಲು ಅವನಿಗೆ ಏನೂ ತಿಳಿಯಲಿಲ್ಲ. ಅವಳು ಬೆರಳಿಟ್ಟು ತೋರಿಸಿದಳು. ಇದು ತಲೆ. ಇದು ಮೂಗು. ಇದು ಕೈ.

ಅದು ಸ್ಕ್ಯಾನಿಂಗ್ ಚಿತ್ರ. ಹನ್ನೊಂದು ವರ್ಷದ ಹಿಂದಿನದು.

ಆ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಆಸ್ಪತ್ರೆಯಲ್ಲಿ ಗೀತಾಂಜಲಿಗೆ ಎಚ್ಚರವಾಗುವ ಮೊದಲೇ ಗಂಗಾಧರನ ತಾಯಿ ನಾಗಲಿಂಗಮ್ಮ, "ತಾಯಿಗೆ ತೋರಿಸಬಾರದಪ್ಪ, ನೋಡಿದ್ರ ಮರಿಯಂಗಿಲ್ಲ" ಎಂದಿದ್ದಳು. ಹಿರಿಯರೆಲ್ಲ ಹೌದೆಂದರು. ಗಂಗಾಧರನೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ. ಹೆಂಡತಿ ಮನೆಗೆ ಬರುವಷ್ಟರಲ್ಲಿ ತೊಟ್ಟಿಲು ವಾಪಸು ಹೋಗಿತ್ತು. ಕುಲಾವಿ, ಅಂಗಿ, ದುಪಟಿ, ಬೆಳ್ಳಿಯ ಕಡಗ, ಒಂದೂ ಇರದಂತೆ ಅವನು ಹಂಚಿಬಿಟ್ಟಿದ್ದ. ಕಂಡರೆ ಅಳುತ್ತಾಳೆ ಎಂದು ಅವನ ಲೆಕ್ಕಾಚಾರ. ಗೀತಾಂಜಲಿ ಎರಡು ದಿನ ಟ್ರಂಕು, ಕಪಾಟು, ಹಾಸಿಗೆಯ ಅಡಿ ಎಲ್ಲ ಕಡೆ ಹುಡುಕಿದಳು, ಏನು ಹುಡುಕುತ್ತೀ ಎಂದು ಯಾರೂ ಕೇಳಲಿಲ್ಲ. ಅವಳು ಮೊದಲ ಹಾಲಿನ ಪಾಕೀಟನ್ನು ತೊಳೆದು ಮಡಚಿಟ್ಟದ್ದು ಅದಾದ ಒಂದೆರಡು ವಾರಕ್ಕೆ. ಗಂಡನಾದವನು ಇವೆರಡನ್ನೂ ಜೋಡಿಸಿ ನೋಡಬಹುದಿತ್ತು. ಹೂವಿನ ದರ ಜೋಡಿಸುವಷ್ಟು ಚುರುಕು ಅವನಿಗೆ ಇದರಲ್ಲಿ ಇರಲಿಲ್ಲ.

ಈಗ ಚಿತ್ರ ನೋಡುತ್ತ ನಿಂತಾಗ ಮಾತ್ರ ಅವೆರಡೂ ಕೂಡಿಕೊಂಡವು. "ಇದು ಐತಿ ಅಂತ ನನಗ ಗೊತ್ತಿರಲಿಲ್ಲ."

"ಗೊತ್ತಿದ್ರ ಇರತಿರಲಿಲ್ಲ" ಎಂದಳು ಗೀತಾಂಜಲಿ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ.

ಚಿತ್ರದ ಅಂಚು ಮಾಸಿತ್ತು, ಒಂದು ಮೂಲೆ ಮಡಚಿತ್ತು. ಏನಾದರೂ ಒಳ್ಳೆಯದು ಮಾಡಬೇಕೆಂದು ಅವನ ಜೀವ ತಹತಹಿಸಿತು. ನಮ್ಮ ಕಡೆ ಒಂದು ಕಾಗದದ ಮೇಲೆ ಗೌರವ ಬಂತೆಂದರೆ ಅದನ್ನು ಲ್ಯಾಮಿನೇಷನ್ ಮಾಡಿಸುತ್ತೇವೆ. ಆಧಾರ್ ಕಾರ್ಡು, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ತೀರಿಕೊಂಡ ತಂದೆಯ ಫೋಟೋ, ಎಲ್ಲವೂ ಆ ಪ್ಲಾಸ್ಟಿಕ್ಕಿನೊಳಗೆ ಸೇರಿದ ಮೇಲೆಯೇ ನಮಗೆ ನಿದ್ದೆ. ಗಂಗಾಧರನಿಗೂ ಅದೇ ಹೊಳೆಯಿತು.

"ಹಿಂಗ ಇಟ್ರ ಇನ್ನೊಂದೆರಡು ವರ್ಷಕ್ಕ ಹಾಳಾಗತೈತಿ. ಕೊಡಿಲ್ಲಿ, ಹುಲುಗಪ್ಪನ ಕಡೆ ಲ್ಯಾಮಿನೇಷನ್ ಮಾಡಿಸ್ಕಂಡು ಬರ್ತೀನಿ. ಸಾಯೋತನಕ ಇರತೈತಿ."

ಅವಳು ಕೊಡಲಿಲ್ಲ. ಚಿತ್ರವನ್ನು ಲಕೋಟೆಗೆ ಸೇರಿಸಿ ಎರಡೂ ಕೈಯಲ್ಲಿ ಹಿಡಿದು ನಿಂತಳು. "ಇರ್ಲಿ ಬಿಡ್ರಿ, ಇಲ್ಲೇ ಚೊಲೋ ಐತಿ."

"ಎಲ್ಲಾ ಕಳಿಸಿದಿ, ಇದೊಂದಕ್ಕ ನನ್ನ ನಂಬಂಗಿಲ್ಲೇನು? ಅರ್ಧ ತಾಸಿನಾಗ ಬರ್ತೀನಿ."

ಹನ್ನೊಂದು ವರ್ಷದಲ್ಲಿ ಗಂಡ ಅವಳ ಬಳಿ ಆ ಕೂಸಿನ ವಿಷಯ ಎತ್ತಿದ್ದು ಅದೇ ಮೊದಲು. ಆ ಆಸೆಗೇ ಇರಬೇಕು, ಅವಳು ಕೈ ಚಾಚಿ ಲಕೋಟೆ ಕೊಟ್ಟಳು.

ಹುಲುಗಪ್ಪನ ಜೆರಾಕ್ಸ್ ಅಂಗಡಿ ಬಸ್ ಸ್ಟ್ಯಾಂಡಿನ ಎದುರು. ಅರ್ಜಿ ಬರೆದುಕೊಡುವುದರಿಂದ ಹಿಡಿದು ತೊಟ್ಟಿಲ ಶಾಸ್ತ್ರದ ಬ್ಯಾನರಿನ ತನಕ ಅವನು ಮಾಡದ ಕೆಲಸವಿಲ್ಲ. ಅಂದು ಪಿಂಚಣಿ ಅರ್ಜಿಯವರ ಗದ್ದಲ. ಅವನು ಗಂಗಾಧರನ ಕೈಯಿಂದ ಚಿತ್ರ ತೆಗೆದುಕೊಂಡು, ಯಾರೊಂದಿಗೋ ಮಾತಾಡುತ್ತಲೇ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಕಾದ ಮಶೀನಿನ ಬಾಯಿಗೆ ಕೊಟ್ಟ. ಒಂದು ಕಡೆಯಿಂದ ಚಿತ್ರ ಒಳಗೆ ಹೋಯಿತು. ಇನ್ನೊಂದು ಕಡೆಯಿಂದ ಬೆಚ್ಚಗಿನ, ನೇರವಾದ, ಹೊಳೆಯುವ ಒಂದು ಕಪ್ಪು ತುಂಡು ಹೊರಗೆ ಬಂತು. ತಲೆಯಿಲ್ಲ, ಮೂಗಿಲ್ಲ, ಕೈಯಿಲ್ಲ. ಅಂಚಿನಿಂದ ಅಂಚಿಗೆ ಕಪ್ಪು.

ಹುಲುಗಪ್ಪ ಅದನ್ನು ತಿರುಗಿಸಿ ನೋಡಿ ಹಣೆಗೆ ಕೈ ಹಚ್ಚಿಕೊಂಡ. "ಯಪ್ಪಾ, ಇದು ಸ್ಕ್ಯಾನಿಂಗ್ ಕಾಗದ ಏನ್ರಿ? ಬಸ್ ಟಿಕೆಟ್ ಇದ್ದಂಗ ಇದು, ಬಿಸಿ ತಾಕಿದ್ರ ಕರ್ರಗಾಗತೈತಿ. ಮೊದಲ ಹೇಳಬಾರದೇನ್ರಿ ಗಂಗಣ್ಣ. ಜೆರಾಕ್ಸ್ ತಗದು ಅದಕ್ಕ ಮಾಡ್ತಿದ್ದೆ."

"ವಾಪಸ್ ಬರಂಗಿಲ್ಲೇನು?"

"ಎಲ್ಲಿಂದ ಬರತೈತ್ರಿ."

ಗಂಗಾಧರ ಬೆಂಚಿನ ಮೇಲೆ ಕುಳಿತ. ಗುಜರಿ ಗಾಡಿಯ ಹಿಂದೆ ಓಡಿದರೆ ಮಿಕ್ಸರು ಸಿಗಬಹುದಿತ್ತು, ಲಗ್ನಪತ್ರಿಕೆ ಸಿಗಬಹುದಿತ್ತು. ಇದಕ್ಕೆ ಎಲ್ಲಿಗೆ ಓಡುವುದು ಎಂದು ತಿಳಿಯಲಿಲ್ಲ. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಊರು ಬಿಟ್ಟು ಏಳೆಂಟು ವರ್ಷವಾಗಿತ್ತು. ಬೆವರು ಒರೆಸಿಕೊಳ್ಳುತ್ತ ಕೂತವನ ಕಿವಿಯ ಹತ್ತಿರ ಹುಲುಗಪ್ಪ ಬಗ್ಗಿದ. "ಅಕ್ಕಾರಿಗೆ ಗೊತ್ತಾಗದಂಗ ಒಂದು ಮಾಡಿಕೊಡ್ಲೇನ್ರಿ? ನೆಟ್ಟಿನಾಗ ಬೇಕಾದಷ್ಟು ಅದಾವ. ಎಲ್ಲಾ ಕೂಸೂ ಹಂಗ ಇರತಾವ. ಮೂಲ್ಯಾಗ ಅಕ್ಕಾರ ಹೆಸರು ಹಾಕ್ತೀನಿ. ತಾರೀಖು ಯಾವುದಿತ್ರಿ?"

ಗಂಗಾಧರ ಬೆರಳು ಮಡಚಿ ಎಣಿಸಿದ. ಶ್ರಾವಣವೋ ಭಾದ್ರಪದವೋ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, "ತಾರೀಖು ಬ್ಯಾಡ, ಬರೇ ಹೆಸರು ಹಾಕು" ಎಂದ. ಇದು ಹೇಡಿಯ ಕೆಲಸ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿಸಿಕೊಂಡ. ಕಪ್ಪು ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಹೊಸದನ್ನು ಹಳೆಯ ಲಕೋಟೆಗೆ ಸೇರಿಸಿ ಮನೆಗೆ ಬಂದ.

ಗೀತಾಂಜಲಿ ಕಟ್ಟೆಯ ಮೇಲೆಯೇ ಕಾಯುತ್ತಿದ್ದಳು. ಲಕೋಟೆ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹೋದಳು. ನೋಡಲು ಬಹಳ ಹೊತ್ತು ಹಿಡಿಯಲಿಲ್ಲ.

"ಇದು ಯಾರ ಕೂಸು?"

"ನಮ್ದ. ಪ್ಲಾಸ್ಟಿಕ್ ಹಾಕಿದ್ರ ಸ್ವಲ್ಪ ಬ್ಯಾರೆ ಕಾಣತೈತಿ."

"ಆಕಿ ಕೈ ಹಣಿ ಮ್ಯಾಲಿತ್ತು. ಬಿಸಿಲಿಗೆ ಅಡ್ಡ ಹಿಡ್ದಂಗ. ದಿನಾ ನೋಡೇನ್ರಿ ನಾ. ಈ ಕೂಸಿನ ಕೈ ಎದಿ ಮ್ಯಾಲೈತಿ."

ಗಂಗಾಧರ ಜೇಬಿನಿಂದ ಕಪ್ಪು ತುಂಡು ತೆಗೆದು ಅವಳ ಕೈಗೆ ಕೊಟ್ಟ. ಕಾಗದದ ಗುಣ, ಮಶೀನಿನ ಬಿಸಿ, ಹುಲುಗಪ್ಪನ ಅವಸರ, ನೆಟ್ಟಿನಿಂದ ತೆಗೆಸಿದ ಬೇರೆ ಕೂಸು, ಎಲ್ಲವನ್ನೂ ಹೇಳಿದ. ನನ್ನದೇ ತಪ್ಪು ಎಂಬ ಮಾತನ್ನು ಕಡೆಗೆ ಹೇಳಿದ, ಮೊದಲು ಹೇಳಬೇಕಿತ್ತು. ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಅವಳು ಕಪ್ಪು ತುಂಡನ್ನು ಬೆಳಕಿಗೆ ಓರೆಯಾಗಿ ಹಿಡಿದಳು, ತಿರುಗಿಸಿ ಹಿಡಿದಳು, ಸೆರಗಿನಿಂದ ಒರೆಸಿ ಮತ್ತೆ ಹಿಡಿದಳು. ಆಮೇಲೆ ಬರಿಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಳು.

"ಹೋಗ್ಲಿ ಬಿಡ್ರಿ" ಎಂದಳು. "ನೀವು ನೋಡೀರಲ್ಲ ಆಕೀನ್ನ. ಎತ್ಕಂಡು ಹೋದವರು ನೀವ. ನನಗ ಯಾರೂ ತೋರಿಸ್ಲಿಲ್ಲ. ನಿಮಗ ನೋವಾಗತೈತಿ ಅಂತ ನಾನೂ ಕೇಳ್ಲಿಲ್ಲ. ಈಗ ಕೇಳ್ತೀನ್ರಿ. ಹೆಂಗಿದ್ಲು ಹೇಳ್ರಿ. ಕೂದಲಿತ್ತೇನು? ಮೂಗು ನಿಮ್ಮಂಗಿತ್ತೋ, ನಮ್ಮಪ್ಪನಂಗೋ?"

ಅವನೂ ಎದುರಿಗೆ ಕುಳಿತು ಕಣ್ಣು ಮುಚ್ಚಿಕೊಂಡ. ಟವೆಲ್ಲಿನ ಹಸಿರು ಅಂಚು ಕಂಡಿತು. ಬದುವಿನ ಗರಸು ನೆಲಕ್ಕೆ ಸನಿಕೆ ತಾಗಿ ಬಂದ ಸದ್ದು ಕೇಳಿತು. ಜೊತೆಗೆ ಬಂದವನು ಆಚೆ ನಿಂತು ಬೀಡಿ ಹಚ್ಚಿದ್ದು, ಆ ಹೊಗೆಯ ವಾಸನೆ, ಎಲ್ಲವೂ ಬಂತು. ಟವೆಲ್ಲಿನ ಒಳಗಿನದು ಮಾತ್ರ ಬರಲಿಲ್ಲ. ಮಣ್ಣಿಗಿಡುವ ಮೊದಲು ಅವನು ಅಂಚು ಸರಿಸಿ ನೋಡಿದ್ದು ಖಂಡಿತ. ಆದರೆ ಆ ವರ್ಷವೆಲ್ಲ ಪ್ರತಿ ನಸುಕಿನಲ್ಲಿ ಬುಟ್ಟಿ ಕಟ್ಟುತ್ತ, ಮರೆಯಬೇಕು, ಮರೆಯಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವ ಮನುಷ್ಯ ಅವನಲ್ಲ.

"ನಿನ್ನಂಗ ಇದ್ಲು" ಎಂದ.

ಅವಳು ಅವನ ಮುಖವನ್ನೇ ನೋಡಿದಳು. "ಮತ್ತ ಹುಲುಗಪ್ಪನ ಅಂಗಡಿಗೆ ಹೋಗಬ್ಯಾಡ್ರಿ. ನೆನಪಿದ್ರ ಹೇಳ್ರಿ, ಇಲ್ಲಂದ್ರ ಇಲ್ಲ ಅನ್ರಿ."

ಬೀದಿಯಲ್ಲಿ ಹೂ ಮಾರುವವಳು ಕೂಗುತ್ತ ಹೋದಳು.

"ಇಲ್ಲ" ಎಂದ.

ಗೀತಾಂಜಲಿ ತಲೆಯಾಡಿಸಿದಳು. ಎದ್ದು ಖಾಲಿ ಬಿದ್ದಿದ್ದ ಮೂರನೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.